ಬನಫ್ಶಾ ಎಂಬ ಕಾಡುಹೂ

ಕಳೆದ ಸಂಚಿಕೆಯಲ್ಲಿ ನಾವು ದಿಲ್ಲಿಯ ರಸ್ತೆಬದಿಯ ಬೇವಿನ ಮರಗಳ ವಿಷಯ ಬರೆದಿದ್ದೆವಷ್ಟೆ. ಅದನ್ನು ಓದಿದ ಸಂಘದ ಹಿರಿಯ ಸದಸ್ಯೆಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿ, "ಬೇವು ನಮಗೆ ಗೊತ್ತಿರೋ ಮರವೇ ಆಯಿತಲ್ಲಪ್ಪ. ಗೊತ್ತಿಲ್ಲದ್ದನ್ನು ಬರಿ. ನೆಗಡಿ ಕೆಮ್ಮು ಅಂದರೆ ಸಾಕು, ಇಲ್ಲಿಯ ಪನ್ಸಾರಿ ಅಂಗಡಿಯವನು ಬನಫ್ಶಾ ಅಂತ ಒಂದು ಪೊಟ್ಟಣ ಕಟ್ಟಿಕೊಡುತ್ತಾನೆ. ಮೂವತ್ತು ವರ್ಷದಿಂದ ಕುದಿಸಿ ಕುಡೀತಿದ್ದೇನೆ. ಅದು ಸೊಪ್ಪೋ ಹೂವೋ ಕಡ್ಡಿಯೋ, ಎಲ್ಲಿ ಬೆಳೆಯುತ್ತದೋ, ಇವತ್ತಿಗೂ ತಿಳೀದು" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರದೇಶದಲ್ಲಿ ಸಂಸಾರ ಹೂಡಿರುವ ನಮ್ಮಲ್ಲಿ ಬಹುಮಂದಿಗೆ ಈ ಪೊಟ್ಟಣದ ಪರಿಚಯವುಂಟು. ಅದರೊಳಗಿನ ಗಿಡದ ಪರಿಚಯವುಳ್ಳವರು ಕಡಮೆ. ಆದ್ದರಿಂದ ಈ ಸಲ ಅದರದೇ ಮಾತು.

ಬನಫ್ಶಾ ಒಂದು ಹೂವಿನ ಹೆಸರು. ಪಾರಸಿಯಿಂದ ಬಂದ ಶಬ್ದ. ಯುನಾನಿ ಹಕೀಮರ ಜೋಶಾಂದಾ ಎಂಬ ಕಷಾಯದಲ್ಲಿ ಇದಕ್ಕೆ ಮೊದಲ ಮಣೆ. ಜೊತೆಗೆ ಜ್ಯೇಷ್ಠಮಧು, ಉನ್ನಾಬ್ ಎಂಬ ಬೋರೆ ಜಾತಿಯ ಒಣಹಣ್ಣು, ನಮ್ಮ ಕಡೆಯ ಚಳ್ಳೆಹಣ್ಣಿನ ಬಳಗದ ಸಪಿಸ್ತಾನ್ ಮೊದಲಾದವು ಸೇರುತ್ತವೆ. ದಿಲ್ಲಿಯ ಖಾರಿ ಬಾವಲಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯಬಲ್ಲವರು ಅಂಗಡಿಗಳ ಮುಂದಿನ ಗೋಣಿಚೀಲಗಳಲ್ಲಿ ಇದನ್ನು ನೋಡಬಹುದು. ಒಣಗಿ ಬಣ್ಣಗೆಟ್ಟ ಎಲೆ, ಹೂ, ತೊಟ್ಟು, ಕೆಲವು ಸಲ ಬೇರು, ಎಲ್ಲ ಸೇರಿದ ಒಂದು ರಾಶಿ. ಅದನ್ನು ನೋಡಿದವರಿಗೆ, ಒಂದು ಬಣ್ಣಕ್ಕೇ ಹೆಸರು ಕೊಟ್ಟ ಹೂ ಇದು ಎಂದರೆ ನಂಬುಗೆ ಬರುವುದು ಕಷ್ಟ.

ಬಣ್ಣದ ಮಾತು ಬಂತು. ನಾವು ಕನ್ನಡಿಗರು ನೇರಳೆಹಣ್ಣನ್ನು ನೋಡಿ 'ನೇರಳೆ ಬಣ್ಣ' ಎಂದೆವು. ಹಿಂದಿಯವರು ಬದನೆಕಾಯಿಯನ್ನು ನೋಡಿ 'ಬೈಂಗನಿ' ಎಂದರು. ಪಾರಸಿ ಬಲ್ಲವರು ಈ ಹೂವನ್ನು ನೋಡಿ 'ಬನಫ್ಶಿ' ಎಂದರು. ಇಂಗ್ಲಿಷಿನವರೂ ಇದೇ ಬಳಗದ ಹೂವಿನಿಂದ 'ವಯಲೆಟ್' ಎಂದರು. ನಮ್ಮ ಮಗಳು ಶಾಲೆಯಲ್ಲಿ ಬೈಂಗನಿ, ಮನೆಯಲ್ಲಿ ನೇರಳೆ, ಬಣ್ಣದ ಪೆಟ್ಟಿಗೆಯ ಮೇಲೆ ವಯಲೆಟ್ ಎಂದು ಒಂದೇ ಬಣ್ಣಕ್ಕೆ ಮೂರು ಹೆಸರು ಕಲಿತಿದ್ದಾಳೆ. ಪರಸ್ಥಳದಲ್ಲಿ ಬೆಳೆಯುವ ಮಕ್ಕಳಿಗೆ ಇಂಥ ಲಾಭಗಳೂ ಉಂಟು.

ಈ ಹೂವಿನ ಕುಟುಂಬ ದೊಡ್ಡದು. ಪ್ರಪಂಚದಲ್ಲಿ ಸುಮಾರು 1,000 ಜಾತಿಗಳು; ಅವುಗಳಲ್ಲಿ ಅರ್ಧಕ್ಕೂ ಹೆಚ್ಚು 'ವಯೋಲಾ' ಎಂಬ ಒಂದೇ ಕುಲಕ್ಕೆ ಸೇರಿದವು. ಅವುಗಳಲ್ಲೊಂದನ್ನು ನೀವೆಲ್ಲರೂ ನೋಡಿಯೇ ಇದ್ದೀರಿ. ಜನವರಿ ಫೆಬ್ರವರಿಯಲ್ಲಿ ದಿಲ್ಲಿಯ ಉದ್ಯಾನಗಳಲ್ಲಿ, ರಸ್ತೆ ಕೂಡುವ ವೃತ್ತಗಳಲ್ಲಿ, ಪುಟ್ಟ ಮಗುವಿನ ಮುಖದಂತೆ ಕಾಣುವ ಹಳದಿ, ಊದಾ, ಬಿಳಿಯ ಪ್ಯಾನ್ಸಿ ಹೂಗಳಿರುತ್ತವಲ್ಲ, ಅವು ಈ ಕುಲದವೇ. ಇಂಗ್ಲೆಂಡಿನ ತೋಟಗಾರರು 19ನೆಯ ಶತಮಾನದ ಆರಂಭದಲ್ಲಿ ಕಾಡು ಜಾತಿಗಳನ್ನು ಬೆರೆಸಿ ಬೆಳೆಸಿದ ಹೂ ಅದು. ಪ್ಯಾನ್ಸಿಯ ಮುಖವನ್ನು ಕಿರುಬೆರಳಿನ ಉಗುರಿನಷ್ಟಕ್ಕೆ ಇಳಿಸಿ, ಬಿಸಿಲಿನಿಂದ ಎತ್ತಿ ಮರದ ನೆರಳಿನಲ್ಲಿಟ್ಟರೆ ಹೆಚ್ಚುಕಡಮೆ ಬನಫ್ಶಾ ಆಯಿತು.

ಮಾರುಕಟ್ಟೆಯಲ್ಲಿ ಬನಫ್ಶಾ ಎಂಬ ಒಂದೇ ಹೆಸರಿನಲ್ಲಿ ಎರಡು ಮೂರು ಜಾತಿಗಳು ಬರುತ್ತವೆ. ಹಕೀಮರ ಗ್ರಂಥಗಳು ಹೊಗಳುವುದು ಕಾಶ್ಮೀರದ ಕಡೆಯ ಪರಿಮಳದ ಜಾತಿಯನ್ನು. ಸಸ್ಯಶಾಸ್ತ್ರದಲ್ಲಿ ಅದು ವಯೋಲಾ ಒಡೊರಾಟಾ. ಅದರ ಪರಿಮಳದ್ದು ಒಂದು ತಮಾಷೆ. ಒಮ್ಮೆ ಮೂಸಿದರೆ ಬರುತ್ತದೆ, ಮರುಗಳಿಗೆ ಮಾಯವಾಗುತ್ತದೆ. ಹೂವಿನಲ್ಲಿ ವಾಸನೆ ತೀರಿರುವುದಿಲ್ಲ. ಅದರಲ್ಲಿರುವ ಅಯೋನೋನ್ ಎಂಬ ದ್ರವ್ಯಕ್ಕೆ ನಮ್ಮ ಮೂಗು ಸ್ವಲ್ಪ ಹೊತ್ತು ಮಂಕಾಗುತ್ತದೆ. ಈ ದ್ರವ್ಯವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರು 1893ರಲ್ಲಿ ಕೃತಕವಾಗಿ ತಯಾರಿಸಿದರು. ಅಂದಿನಿಂದ ಅತ್ತರು ಸಾಬೂನುಗಳಿಗಾಗಿ ಈ ಹೂವನ್ನು ರಾಶಿ ರಾಶಿ ಕೊಯ್ಯಬೇಕಾದ ಅಗತ್ಯ ಬಹುಪಾಲು ತಪ್ಪಿತು. ಔಷಧದ ಪೊಟ್ಟಣಕ್ಕೆ ಮಾತ್ರ ಇಂದಿಗೂ ಗಿಡವೇ ಬೇಕು.

ಕುಮಾವೂನ್, ಗಢವಾಲ್ ಬೆಟ್ಟಗಳಿಂದ ಇಳಿದು ಬರುವುದು ಹೆಚ್ಚಾಗಿ ಇನ್ನೊಂದು ಜಾತಿ, ವಯೋಲಾ ಕ್ಯಾನೆಸೆನ್ಸ್. ಕ್ಯಾನೆಸೆನ್ಸ್ ಎಂದರೆ ನರೆಯುತ್ತಿರುವುದು ಎಂದರ್ಥ. ಗಿಡದ ಮೈಮೇಲೆಲ್ಲ ಬೂದುಬಿಳಿಯ ನವಿರಾದ ರೋಮವಿರುವುದರಿಂದ ಆ ಹೆಸರು. ಅದನ್ನು ಕೊಟ್ಟವರು ಕಲ್ಕತ್ತೆಯ ಸಸ್ಯೋದ್ಯಾನದ ವಾಲಿಚ್. 1824ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ, ರಾಕ್ಸ್‌ಬರೋ ಅವರ ಭಾರತದ ಸಸ್ಯಗಳ ಗ್ರಂಥದ 2ನೆಯ ಸಂಪುಟದಲ್ಲಿ. ಆ ಗ್ರಂಥವನ್ನು ಸಂಪಾದಿಸಿ ಹೊರತಂದವರು ವಿಲಿಯಂ ಕೇರಿ. ಈ ಹೆಸರನ್ನು ಕನ್ನಡಿಗರು ಬಲ್ಲರು: 1817ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಅದೇ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ ಕೇರಿಯವರೇ ಇವರು. ನಮ್ಮ ನುಡಿಯೂ ಈ ಕಾಡುಹೂವೂ ಒಬ್ಬರದೇ ಕೈದಾಟಿ ಅಚ್ಚಿನ ಮನೆ ಕಂಡವು.

ಗಿಡವನ್ನು ಅದರ ನೆಲೆಯಲ್ಲೇ ನೋಡಬೇಕೆಂದು ನಾವು ಒಂದು ಏಪ್ರಿಲ್‌ನಲ್ಲಿ ರಜೆ ಹೊಂದಿಸಿಕೊಂಡು, ಸಂಸಾರಸಮೇತ, ಹಳೆ ದಿಲ್ಲಿಯಿಂದ ಕಾಠಗೋದಾಮಿಗೆ ರಾತ್ರಿಯ ರೈಲು ಹಿಡಿದೆವು. ಅಲ್ಲಿಂದ ಮುಕ್ತೇಶ್ವರದ ಕಡೆಗೆ ಬಸ್ಸು. ಬೆಟ್ಟ ಹತ್ತುವಾಗ ಮೊದಲು ಸಾಲ್ ಮರ, ಆಮೇಲೆ ಸೂಜಿಯೆಲೆಯ ಚೀಡ್ ಮರ. 5,000 ಅಡಿ ದಾಟಿ ನೀರಿರುವ ಮಡಿಲುಗಳನ್ನು ಹೊಕ್ಕಮೇಲೆ ಬಾಂಜ್ ಎಂಬ ಓಕ್ ಮರ ಮೊದಲಾಗುತ್ತದೆ. ಎಲೆಯ ಮೇಲ್ಭಾಗ ಕಡುಹಸಿರು, ಕೆಳಭಾಗ ಬೂದುಬಿಳಿ. ಗಾಳಿ ಬೀಸಿದರೆ ಗುಡ್ಡವೇ ಬಣ್ಣ ಬದಲಿಸಿದಂತೆ ಕಾಣುತ್ತದೆ. ಅದರ ನಡುನಡುವೆ ಕೆಂಪಾಗಿ ಹೂಬಿಟ್ಟ ಬುರಾಂಶ್. ಪ್ರವಾಸಿಗಳೆಲ್ಲ ತಲೆಯೆತ್ತಿ ಬುರಾಂಶ್ ನೋಡುತ್ತಿದ್ದರೆ ನಾವು ಮೂವರು ತಲೆ ತಗ್ಗಿಸಿ ನೆಲ ನೋಡುತ್ತ ನಡೆದೆವು. ಬಿದ್ದ ದುಡ್ಡು ಹುಡುಕುತ್ತಿದ್ದಾರೆಂದು ಭಾವಿಸಿ ದಾರಿಹೋಕರೊಬ್ಬರು ತಾವೂ ಹುಡುಕತೊಡಗಿದರು.

ಮೊದಲು ಕಂಡವಳು ಮಗಳು. ಕಾಲುದಾರಿಯ ಪಕ್ಕದ ಮಣ್ಣಿನ ದಂಡೆ. ಮೇಲೆ ಬಾಂಜ್ ಮರದ ಬೇರು, ಕೆಳಗೆ ಪಾಚಿ. ನಡುವೆ ಹೃದಯದಾಕಾರದ ಎಲೆಗಳ ಒಂದು ಪುಟ್ಟ ಗುಂಪು, ಒಂದು ಗೇಣಿಗಿಂತ ಎತ್ತರವಿಲ್ಲ. ಎಲೆಗಳ ಮಧ್ಯದಿಂದ ಸಣ್ಣ ತೊಟ್ಟುಗಳ ಮೇಲೆ ತಿಳಿನೇರಳೆಯ ಹೂಗಳು ಕತ್ತು ಬಾಗಿಸಿ ನಿಂತಿದ್ದವು. ಹೂವಿಗೆ ಐದು ದಳ. ಕೆಳಗಿನ ದಳದ ಮೇಲೆ ಕಡುನೇರಳೆಯ ಗೆರೆಗಳು. ಅದೇ ದಳ ಹಿಂದಕ್ಕೆ ಚಾಚಿ ಒಂದು ಪುಟ್ಟ ಚೀಲವಾಗಿರುತ್ತದೆ. ಮಕರಂದವಿರುವುದು ಆ ಚೀಲದಲ್ಲಿ. ಜೇನ್ನೊಣಕ್ಕೆ ದಾರಿ ತೋರಿಸಲು ಆ ಗೆರೆಗಳು.

ಈ ಗಿಡ ಅಲ್ಲಿಯೇ ಏಕೆ ಇತ್ತು, ಹತ್ತು ಮಾರು ಆಚೆಯ ಬಯಲಿನಲ್ಲಿ ಏಕಿರಲಿಲ್ಲ ಎಂಬುದನ್ನು ವಿಚಾರಿಸಿದರೆ ಒಂದು ಕಾಡಿನ ಲೆಕ್ಕವೆಲ್ಲ ಬಿಚ್ಚಿಕೊಳ್ಳುತ್ತದೆ.

ಬಾಂಜ್ ನಿತ್ಯಹಸಿರಿನ ಮರ. ಆದರೂ ಮಾರ್ಚಿಯಿಂದ ಹಳೆಯ ಎಲೆ ಉದುರಿಸಿ ಹೊಸ ಚಿಗುರು ತಳೆಯುತ್ತದೆ. ಆ ಕೆಲವು ವಾರ ಕೊಂಬೆಗಳ ಸಂದಿನಿಂದ ನೆಲಕ್ಕೆ ಸ್ವಲ್ಪ ಹೆಚ್ಚು ಬೆಳಕು ಇಳಿಯುತ್ತದೆ. ಬನಫ್ಶಾ ಅರಳುವುದು ಅದೇ ಕಾಲದಲ್ಲಿ. ಬಿಸಿಲು ಏರಿ ಬೇಸಗೆ ಬಲಿಯುವ ಹೊತ್ತಿಗೆ ಮೇಲೆ ಚಪ್ಪರ ಮತ್ತೆ ದಟ್ಟವಾಗಿರುತ್ತದೆ. ಉದುರಿದ ಎಲೆ ಕೊಳೆತು ನೆಲದ ಮೇಲೆ ಕಪ್ಪು ಗೊಬ್ಬರದ ಹೊದಿಕೆಯಾಗುತ್ತದೆ. ಆ ಹೊದಿಕೆ ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಕೆಳಗೆ ಬಿಡುತ್ತದೆ. ಬೆಟ್ಟದವರು ಕುಡಿಯುವ ನೀರಿನ 'ನೌಲಾ'ಗಳೆಂಬ ಒರತೆಯ ಬಾವಿಗಳನ್ನು ಬಾಂಜ್ ಕಾಡಿನ ಬುಡದಲ್ಲೇ ಕಟ್ಟಿಕೊಂಡು ಬಂದುದು ಈ ಕಾರಣಕ್ಕೆ. ಬನಫ್ಶಾದ ಬೇರು ಆಳಕ್ಕೆ ಇಳಿಯುವಂಥದಲ್ಲ. ಮೇಲಿನ ಮಣ್ಣಿನಲ್ಲಿ ತೇವವಿದ್ದರೆ ಅದಕ್ಕೆ ಬದುಕು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಬನಫ್ಶಾ ಹುಲುಸಾಗಿರುವ ಕಡೆ ನೀರಿನ ತಾವೂ ದೂರವಿರುವುದಿಲ್ಲವೆಂದು ಹೇಳಬಹುದು.

ಇನ್ನು ಇದರ ವಂಶ ಬೆಳೆಯುವ ಬಗೆ. ನಾವು ಕಂಡು ಮೆಚ್ಚುವ ವಸಂತದ ಹೂಗಳಲ್ಲಿ ಬೀಜ ಕಟ್ಟದೆ ಹೋಗುವವು ಎಷ್ಟೋ. ತಂಪು ಕಾಡಿನಲ್ಲಿ ಆ ಹೊತ್ತಿಗೆ ಹುಳುಗಳು ಬರುತ್ತವೆಂಬ ಖಾತರಿಯಿಲ್ಲ. ಅದಕ್ಕಾಗಿ ಈ ಕುಲದ ಗಿಡಗಳು ಇನ್ನೊಂದು ಏರ್ಪಾಡು ಮಾಡಿಕೊಂಡಿವೆ. ವಸಂತದ ಹೂವಿನ ಕಾಲ ಮುಗಿದ ಮೇಲೆ ಎಲೆಗಳ ಮರೆಯಲ್ಲಿ, ನೆಲಕ್ಕೆ ಹತ್ತಿರವಾಗಿ, ಬಣ್ಣದ ದಳಗಳಿಲ್ಲದ ಸಣ್ಣ ಮೊಗ್ಗುಗಳನ್ನು ಬಿಡುತ್ತವೆ. ಅವು ಅರಳುವುದೇ ಇಲ್ಲ. ಮುಚ್ಚಿದ ಮೊಗ್ಗಿನೊಳಗೇ ಪರಾಗ ತಗುಲಿ ಕಾಯಿ ಕಟ್ಟುತ್ತದೆ. ಬೀಜದ ಬಹುಭಾಗ ಬರುವುದು ಈ ಅರಳದ ಹೂಗಳಿಂದ. ವಸಂತದಲ್ಲಿ ನೋಡಲು ಬಂದವರಿಗೆ ಒಂದು ಹೂ, ಮಳೆಗಾಲದಲ್ಲಿ ಯಾರೂ ನೋಡದಿರುವಾಗ ಮನೆತನ ನಡೆಸುವ ಇನ್ನೊಂದು ಹೂ!

ಬೀಜ ಹಂಚುವ ಕೆಲಸ ಇರುವೆಗಳದು. ಪ್ರತಿ ಬೀಜದ ತುದಿಯಲ್ಲಿ ಎಣ್ಣೆಯಂಶದ ಒಂದು ಚೂರು ಅಂಟಿಕೊಂಡಿರುತ್ತದೆ. ಅದರ ಆಸೆಗೆ ಇರುವೆ ಬೀಜವನ್ನು ಗೂಡಿಗೆ ಎಳೆದೊಯ್ಯುತ್ತದೆ. ಎಣ್ಣೆಯ ಚೂರನ್ನು ತಿಂದು ಗಟ್ಟಿ ಬೀಜವನ್ನು ಗೂಡಿನ ತಿಪ್ಪೆಗೆ ಎಸೆಯುತ್ತದೆ. ಆ ತಿಪ್ಪೆಯ ಗೊಬ್ಬರದಲ್ಲಿ ಬೀಜ ಮೊಳೆಯುತ್ತದೆ. ಇರುವೆ ಎಳೆದೊಯ್ಯುವ ದೂರವಾದರೂ ಎಷ್ಟು? ಕೆಲವು ಅಡಿ, ಹೆಚ್ಚೆಂದರೆ ಕೆಲವು ಗಜ. ಎಂದರೆ, ಒಂದು ದಂಡೆಯ ಬನಫ್ಶಾ ಪೂರ್ತಿ ಹೋಯಿತೆಂದರೆ ಆಚೆಯ ಗುಡ್ಡದಿಂದ ಗಾಳಿಯಲ್ಲಿ ಬೀಜ ಹಾರಿಬಂದು ಬೀಳುತ್ತದೆಂಬ ಭರವಸೆಯಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ.

ಈ ನೆಲೆ ಕುಗ್ಗುತ್ತ ಬಂದಿರುವುದು ಇಂದಿನ ಮಾತಲ್ಲ. ಬ್ರಿಟಿಷರ ಕಾಲದ ಅರಣ್ಯ ಇಲಾಖೆಗೆ ಚೀಡ್ ಆದಾಯದ ಮರ: ರಾಳ ಬರುತ್ತಿತ್ತು, ರೈಲಿನ ಹಳಿಗೆ ದಿಮ್ಮಿ ಬರುತ್ತಿತ್ತು. ಬಾಂಜ್ ಹಳ್ಳಿಗರ ಮರ: ದನಕ್ಕೆ ಸೊಪ್ಪು, ಒಲೆಗೆ ಸೌದೆ, ಹೊಲಕ್ಕೆ ಗೊಬ್ಬರ. 1921ರಲ್ಲಿ ಕುಮಾವೂನಿನ ಜನ ಅರಣ್ಯದ ಕಾಯಿದೆಗಳ ವಿರುದ್ಧ ಸಿಡಿದೆದ್ದು ಕಾಡಿಗೆ ಬೆಂಕಿ ಹಚ್ಚಿದಾಗ, ಸುಟ್ಟದ್ದು ಮುಖ್ಯವಾಗಿ ಸರಕಾರದ ಚೀಡ್ ಕಾಡುಗಳನ್ನು. ಅಗಲ ಎಲೆಯ ಕಾಡುಗಳನ್ನು ಬಹುಮಟ್ಟಿಗೆ ಬಿಟ್ಟರು. ಬೆಂಗಳೂರಿನ ಇತಿಹಾಸಕಾರರಾದ ರಾಮಚಂದ್ರ ಗುಹಾ ಇದನ್ನು ತಮ್ಮ 1989ರ ಪುಸ್ತಕದಲ್ಲಿ ಎತ್ತಿ ತೋರಿಸಿದ್ದಾರೆ. ಆ ಕಲಹದ ಫಲವಾಗಿ 1931ರ ನಿಯಮಗಳಿಂದ ಊರವರೇ ಕಾಡು ನೋಡಿಕೊಳ್ಳುವ ವನ ಪಂಚಾಯತಿಗಳು ಹುಟ್ಟಿಕೊಂಡವು.

ಚೀಡ್ ಕೆಟ್ಟ ಮರವೆಂದು ನಾವು ಹೇಳುವುದಿಲ್ಲ. ಕೆಳಗಿನ ಒಣ ಇಳಿಜಾರುಗಳಲ್ಲಿ ಅದು ತನ್ನ ಸ್ವಂತ ಮನೆಯಲ್ಲೇ ಇದೆ. ಆದರೆ ಸೊಪ್ಪಿಗೂ ಸೌದೆಗೂ ಮಿತಿಮೀರಿ ಕಡಿದು ಬಾಂಜ್ ಬೋಳಾದ ಕಡೆ, ಮತ್ತೆ ಮತ್ತೆ ಬೆಂಕಿ ಬಿದ್ದ ಕಡೆ, ಚೀಡ್ ಮೇಲೇರಿ ಬರುತ್ತದೆ. ಅದರ ಉದುರಿದ ಸೂಜಿಗಳು ಬೇಗ ಕೊಳೆಯುವುದಿಲ್ಲ. ಬೇಸಗೆಯಲ್ಲಿ ಒಣಹುಲ್ಲಿನ ಬಣವೆಯಂತೆ ಕಿಡಿಗೆ ಕಾದಿರುತ್ತವೆ. ಬೆಂಕಿ ಎದ್ದರೆ ದೊಡ್ಡ ಚೀಡ್ ಮರ ದಪ್ಪ ತೊಗಟೆಯ ಬಲದಿಂದ ಉಳಿದುಕೊಳ್ಳುತ್ತದೆ. ಬಾಂಜಿನ ಸಸಿಯೂ ನೆಲದ ಗೊಬ್ಬರದ ಹೊದಿಕೆಯೂ ಸುಡುತ್ತವೆ. 2024ರ ಜೂನ್ 13ರಂದು ಅಲ್ಮೋರಾ ಬಳಿಯ ಬಿನ್ಸರ್ ಅಭಯಾರಣ್ಯದಲ್ಲಿ ಇಂಥ ಬೆಂಕಿ ಆರಿಸಲು ಹೋದವರಲ್ಲಿ ನಾಲ್ವರು ಸ್ಥಳದಲ್ಲೇ ಅಸುನೀಗಿದರು. ಅವರಲ್ಲಿ ದಿನಗೂಲಿಯವರೂ ಇದ್ದರು. ದಿಲ್ಲಿಯಲ್ಲಿ ಪತ್ರಿಕೆಯ ಒಳಪುಟದಲ್ಲಿ ಓದಿ ಮಡಿಸಿಡುವ ಈ ಸುದ್ದಿ ಬೆಟ್ಟದ ನಾಲ್ಕು ಮನೆಗಳ ದೀಪದ ಮಾತು.

ಮುಕ್ತೇಶ್ವರದ ಆ ದಾರಿಯಲ್ಲಿ ನಮಗೆ ಸೊಪ್ಪಿನ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಒಬ್ಬ ಮುದುಕಿ ಸಿಕ್ಕರು. ಕುಮಾವೂನಿನಲ್ಲಿ ಅಜ್ಜಿಗೆ ಆಮಾ ಎನ್ನುತ್ತಾರೆ. ನಮ್ಮ ಮನೆಯಾಕೆ ಅವರ ಪಕ್ಕ ಕುಳಿತು, "ಆಮಾ, ನೀವೂ ಬನಫ್ಶಾ ಕೀಳುತ್ತೀರಾ?" ಎಂದು ಹಿಂದಿಯಲ್ಲಿ ಕೇಳಿದರು.

"ನಮ್ಮ ಮನೆಗೆ ಬೇಕಾದಷ್ಟು ಹೂ ಬಿಡಿಸಿಕೊಳ್ಳುತ್ತೇವೆ ಮಗಳೇ, ನಾಲ್ಕು ಎಲೆಯೂ ಸೇರಿ. ಬೇರು ಮುಟ್ಟುವುದಿಲ್ಲ. ಬೇರು ಬಿಟ್ಟರೆ ಮುಂದಿನ ವರ್ಷ ಮತ್ತೆ ಅಲ್ಲೇ ಸಿಗುತ್ತದೆ."

"ಅಂಗಡಿಯಲ್ಲಿ ಬೇರುಸಮೇತ ಸಿಗುತ್ತದಲ್ಲ?"

ಆಮಾ ನಕ್ಕರು. "ಕೊಳ್ಳುವವನು ತೂಕಕ್ಕೆ ದುಡ್ಡು ಕೊಡುತ್ತಾನೆ. ಹೂವಿಗೆ ಏನು ತೂಕ? ದಿನವೆಲ್ಲ ಬಗ್ಗಿ ಬಿಡಿಸಿದರೂ ಒಣಗಿದ ಮೇಲೆ ಒಂದು ಹಿಡಿ. ಗಿಡವನ್ನೇ ಕಿತ್ತರೆ ಮಣ್ಣೂ ಸೇರಿ ತೂಗುತ್ತದೆ. ಮಕ್ಕಳ ಫೀಜಿಗೆ ದುಡ್ಡು ಬೇಕಾದವರು ಏನು ಮಾಡುತ್ತಾರೆ?"

ಆಮಾ ಯಾರನ್ನೂ ಬೈಯಲಿಲ್ಲ, ಲೆಕ್ಕ ಹೇಳಿದರು. ನಾವು ಕಛೇರಿಯಲ್ಲಿ ಲೆಕ್ಕದ ಕಡತ ನೋಡುವವರಾದ್ದರಿಂದ ಅದು ಬೇಗ ತಿಳಿಯಿತು. ಬೆಲೆ ತೂಕದ ಮೇಲೆ ನಿಂತಿರುವ ತನಕ ಬೇರು ಉಳಿಯುವುದಿಲ್ಲ. ಬೇರು ಹೋದರೆ ಆ ವರ್ಷದ ಮಳೆಗಾಲದ ಅರಳದ ಹೂವಿಲ್ಲ, ಬೀಜವಿಲ್ಲ, ಇರುವೆಗೆ ಕೆಲಸವಿಲ್ಲ. ಆಚೆಯ ಗುಡ್ಡದಿಂದ ತಾನಾಗಿ ಬರುವಂತೆಯೂ ಇಲ್ಲವೆಂದು ಮೇಲೆ ಹೇಳಿದೆವಲ್ಲ. ಇದರಲ್ಲಿ ಇನ್ನೊಂದು ವಿಪರೀತವೂ ಇದೆ. ಈ ಗಿಡಗಳ ಬೇರಿಗೆ ವಾಂತಿ ಬರಿಸುವ ಗುಣವುಂಟು. ನೆಗಡಿಯ ಕಷಾಯಕ್ಕೆ ಹೆಸರಾದದ್ದು ಹೂವು, ಎಲೆ. ಹಾಗಾಗಿ ಗಿಡಕ್ಕೆ ಪ್ರಾಣವಾದ ಭಾಗವನ್ನು ನಾವು ನಮಗೆ ಬೇಡದೆಯೂ ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ.

ದಕ್ಷಿಣದ ವಾಚಕರು, "ಇದೆಲ್ಲ ನಿಮ್ಮ ದಿಲ್ಲಿಯ ಮಾತಾಯಿತು, ನಮ್ಮ ಕಡೆ?" ಎನ್ನಬಹುದು. ಇದೇ ಕುಲದ ವಯೋಲಾ ಪೈಲೋಸಾ ಎಂಬ ಹೂ ಹಿಮಾಲಯದಲ್ಲೂ ಇದೆ, ನೀಲಗಿರಿಯಲ್ಲೂ ಇದೆ. ನಡುವಿನ ಬಯಲುಸೀಮೆಯ ಬಿಸಿಲು ಅದಕ್ಕೆ ಒಗ್ಗದು; ಬೆಟ್ಟದ ತಂಪು ನೆರಳು ಎಲ್ಲಿದೆಯೋ ಅಲ್ಲಿ ಅದರ ಬಿಡಾರ. ಈ ಹೂಗಳ ಎಲೆ ತಿಂದು ಬೆಳೆಯುವ, ಕಿತ್ತಳೆ ಬಣ್ಣದ ಮೇಲೆ ಕಪ್ಪು ಚುಕ್ಕೆಯ ಒಂದು ಚಿಟ್ಟೆಯೂ ಹಾಗೆಯೇ ಹಿಮಾಲಯದಲ್ಲೂ ನೀಲಗಿರಿಯಲ್ಲೂ ಹಾರುತ್ತದೆ. ಊಟಿಗೆ ಹೋದವರು ಗುಲಾಬಿ ತೋಟ ನೋಡಿದ ಮೇಲೆ ಶೋಲಾ ಕಾಡಿನ ಅಂಚಿನಲ್ಲಿ ಒಮ್ಮೆ ನೆಲದ ಕಡೆಗೂ ನೋಡಿ ಬರಲಿ. ನಮ್ಮ ಬಯಲುಸೀಮೆಗೂ ಈ ಕುಟುಂಬದ ಒಬ್ಬ ಬಂಧುವಿದ್ದಾನೆ: ಮಳೆಗಾಲದಲ್ಲಿ ಹುಲ್ಲಿನ ನಡುವೆ, ಹೊಲದ ಬದುವಿನಲ್ಲಿ ಒಂದೇ ದೊಡ್ಡ ಗುಲಾಬಿ ದಳ ಚಾಚುವ ಪುರುಷರತ್ನ. ಮದರಾಸಿನ ಕಡೆ ಅದಕ್ಕೆ ಓರಿದಳ್ ತಾಮರೈ, ಒಂದೇ ದಳದ ತಾವರೆ, ಎನ್ನುತ್ತಾರೆ. ಅದನ್ನೂ ಔಷಧಕ್ಕೆಂದು ಬೇರುಸಹಿತ ಕೀಳುವ ವಾಡಿಕೆಯುಂಟು. ಅಲ್ಲಿಗೂ ಇದೇ ಮಾತು ಸಲ್ಲುತ್ತದೆ.

ಇನ್ನು ನಾವು ಸಂಸಾರವಂದಿಗರು ಮಾಡಬಹುದಾದ್ದೇನು? ಕಷಾಯ ಕುಡಿಯಬೇಡಿ ಎಂದರೆ ಹಿರಿಯರು ನಮ್ಮನ್ನು ಸಂಘದಿಂದ ಹೊರಗೆ ಹಾಕಿಯಾರು. ಬನಫ್ಶಾ ಬೇಕೇಬೇಕೆನ್ನುವವರು ಅಂಗಡಿಯಲ್ಲಿ 'ಗುಲ್-ಎ-ಬನಫ್ಶಾ' ಎಂದು ಹೂವನ್ನೇ ಕೇಳಿ ಕೊಳ್ಳಲಿ; ಪೊಟ್ಟಣ ಕಟ್ಟುವ ಮೊದಲು ಬಿಡಿಸಿ ನೋಡಲಿ. ಬೇರು ಕಂಡರೆ ಬೇಡವೆಂದು ಹಿಂದಕ್ಕೆ ಕೊಡಲಿ. ಹೂವಿಗೆ ಬೆಲೆ ಹೆಚ್ಚು ಕೇಳುತ್ತಾರೆ, ನಿಜ. ದಿನವೆಲ್ಲ ಬಗ್ಗಿದ ಬೆನ್ನಿಗೆ ಸಲ್ಲಬೇಕಾದ ಬೆಲೆ ಅದು. ಹತ್ತು ಗಿರಾಕಿಗಳು ಬೇರನ್ನು ತಿರಸ್ಕರಿಸಿದರೆ ಅಂಗಡಿಯವನು ತನ್ನ ಮೇಲಿನವನಿಗೆ ಹೇಳುತ್ತಾನೆ. ಅಂಗಡಿಯವನ ಮಾತು ಬೆಟ್ಟ ಹತ್ತುವಷ್ಟು ಬೇಗ ಸರಕಾರದ ಸುತ್ತೋಲೆ ಹತ್ತುವುದಿಲ್ಲ. ಸುತ್ತೋಲೆಗಳನ್ನು ನಕಲು ಮಾಡಿ ಕಳಿಸುವವರಾಗಿ ನಾವು ಇದನ್ನು ಬಲ್ಲೆವು.

ಸಾಮಾನ್ಯ ನೆಗಡಿಗೆ ನಮ್ಮ ಅಮ್ಮಂದಿರ ಶುಂಠಿ, ಮೆಣಸು, ಕೊತ್ತಂಬರಿಬೀಜ, ಜೀರಿಗೆಯ ಕಷಾಯವಿದೆ. ದೊಡ್ಡಪತ್ರೆಯಿದೆ; ಒಂದು ತುಂಡು ಕಡ್ಡಿ ತಂದು ಬಾಲ್ಕನಿಯ ಕುಂಡದಲ್ಲಿ ಚುಚ್ಚಿದರೆ ಬೇರು ಬಿಡುತ್ತದೆ, ಎಷ್ಟು ಕಿತ್ತರೂ ಚಿಗುರುತ್ತದೆ. ಚಳಿಗಾಲದ ಮಂಜಿನಿಂದ ಮಾತ್ರ ಕಾಪಾಡಬೇಕು. ಕುಂಡದಲ್ಲಿ ಸಿಗುವುದನ್ನು ಮೊದಲು ಬಳಸಿ, ಕಾಡಿನಿಂದ ಬರಬೇಕಾದ್ದನ್ನು ಅಪರೂಪಕ್ಕೆ ಇಟ್ಟುಕೊಳ್ಳುವುದು ಮನೆವಾರ್ತೆಯ ದೃಷ್ಟಿಯಿಂದಲೂ ಒಳ್ಳೆಯದು. ಎಳೆಮಕ್ಕಳಿಗೂ ಬಸುರಿಯರಿಗೂ ವೈದ್ಯರನ್ನು ಕೇಳದೆ ಯಾವ ಕಷಾಯವನ್ನೂ ಕೊಡಬೇಡಿ; ಕೆಮ್ಮು ವಾರ ದಾಟಿದರೆ ಪೊಟ್ಟಣ ಬಿಟ್ಟು ಡಾಕ್ಟರ ಬಳಿಗೆ ಹೋಗಿ.

ಬರುವ ವಸಂತದಲ್ಲಿ ನೈನಿತಾಲ್, ಮಸ್ಸೂರಿ, ಶಿಮ್ಲಾ ಕಡೆ ಹೋಗುವ ಕುಟುಂಬಗಳು ಮಕ್ಕಳಿಗೆ ಈ ಹೂವನ್ನು ಹುಡುಕಲು ಹೇಳಿ. ಓಕ್ ಮರದ ಬುಡ, ತೇವದ ದಂಡೆ, ಹೃದಯದಾಕಾರದ ಎಲೆ: ಗುರುತು ಇಷ್ಟೆ. ಸಿಕ್ಕಿದರೆ ಮಂಡಿಯೂರಿ ಕುಳಿತು ನೋಡಲಿ, ಚಿತ್ರ ಬರೆದುಕೊಳ್ಳಲಿ, ಅಲ್ಲಿಯೇ ಬಿಟ್ಟು ಬರಲಿ. ಒಳ್ಳೆಯ ಚಿತ್ರಗಳನ್ನು ಸಂಪಾದಕರಿಗೆ ಕಳಿಸಿದರೆ ಮಕ್ಕಳ ಪುಟದಲ್ಲಿ ಹಾಕಲು ಅವರು ಒಪ್ಪಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಬುರಾಂಶ್ ಹೂವಿನ ಮಾತು.